ನಿರಾಳ ಮನಸ್ಸು, ಓಡುವ ಕಣ್ಣು

ಕಳೆದ ಕಾರ್ತಿಕದಲ್ಲಿ ನನ್ನ ತಂಗಿಯ ಮಗಳು ತನ್ನ ಹಿರಿಯ ಮಗನನ್ನು ಕರೆದುಕೊಂಡು ಧಾರವಾಡದ ನಮ್ಮ ಮನೆಗೆ ಬಂದಿದ್ದಳು. ಹುಡುಗ ಪದವಿಪೂರ್ವ ಎರಡನೆಯ ವರ್ಷದಲ್ಲಿದ್ದಾನೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಸಿದ್ಧನಾಗುತ್ತಿದ್ದಾನೆ. ಪ್ರಸಾದ ಮುಗಿದ ಮೇಲೆ ತಾಯಿ ಮೆಲ್ಲಗೆ ಮಾತು ತೆಗೆದಳು: "ಮಾವಾರ, ಇವಗ ನೀವ ಒಂದಿಷ್ಟು ಬುದ್ಧಿ ಹೇಳ್ರಿ. ಹತ್ತು ಸಾವಿರ ಕೊಟ್ಟು ಓದೂ ಕ್ಲಾಸಿಗೆ ಹಾಕಿದ್ವಿ. ಈಗ ನೋಡಿದ್ರ ಮೊದಲಿಗಿಂತ ಕಡಿಮಿ ಮಾರ್ಕ್ಸ್ ಬರಾಕತ್ತಾವ."

ಹುಡುಗ ತಲೆ ತಗ್ಗಿಸಿಕೊಂಡು ಕುಳಿತಿದ್ದ. ಬಹಳ ಹೊತ್ತಿನ ಮೇಲೆ, "ಕ್ಲಾಸಿನ್ಯಾಗ ಉಳದವರಿಗೆಲ್ಲಾ ಬರತೈತಿ ಅಜ್ಜಾರ. ನನ್ನ ಮೆದುಳs ಸರಿ ಇಲ್ಲ ಅನಸ್ತೈತಿ" ಎಂದ.

ಹೋದ ಹಣಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಕಾಡಿತು. ಹದಿನೇಳರ ಹುಡುಗನೊಬ್ಬ ತನ್ನ ಮೆದುಳಿನಲ್ಲಿಯೇ ದೋಷವಿದೆಯೆಂದು ನಂಬಿ ಕುಳಿತರೆ ಅವನು ಮುಂದೆ ಪುಸ್ತಕವನ್ನು ಯಾವ ಧೈರ್ಯದಿಂದ ತೆರೆದಾನು? ನಾನು ವೈದ್ಯನಲ್ಲ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಆದರೂ ಈ ವಿಷಯವನ್ನು ಸರಿಯಾಗಿ ತಿಳಿದುಕೊಂಡೇ ಅವನಿಗೆ ಉತ್ತರ ಹೇಳಬೇಕೆಂದು ನಿಶ್ಚಯಿಸಿ, ಒಂದು ತಿಂಗಳ ಕಾಲ ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂಥ ಮಕ್ಕಳಿರುವುದರಿಂದ ಅದನ್ನು ಈ ತಿಂಗಳ ಅಂಕಣದಲ್ಲಿ ಬರೆಯುತ್ತಿದ್ದೇನೆ.

ಹುಡುಗ ಹೇಳಿದಂತೆ ಹನ್ನೆರಡು ದಿನದ ಆ ತರಬೇತಿಯಲ್ಲಿ ಮೊದಲು ಕಣ್ಣು ಮುಚ್ಚಿ ಕುಳಿತು ನಿಧಾನವಾಗಿ ಉಸಿರಾಡಬೇಕು, ಹೆಗಲು ಕುತ್ತಿಗೆಗಳನ್ನು ಸಡಿಲಿಸಬೇಕು. ಮನಸ್ಸು ನಿರಾಳವಾದ ಮೇಲೆ ಪುಸ್ತಕದ ಪುಟಗಳನ್ನು ಸರಸರನೆ ತಿರುವಬೇಕು. ಸಾಲುಗಳನ್ನು ಓದಕೂಡದು, ಇಡೀ ಪುಟವನ್ನು ಒಂದೇ ನೋಟದಲ್ಲಿ ತುಂಬಿಕೊಳ್ಳಬೇಕು. ಮನಸ್ಸಿನೊಳಗೆ ಪದಗಳನ್ನು ಉಚ್ಚರಿಸಕೂಡದು, ಒಮ್ಮೆ ದಾಟಿದ ಸಾಲಿಗೆ ಮರಳಕೂಡದು. ಮೆದುಳಿನ ಬಲಭಾಗ ಪುಟವನ್ನು ಛಾಯಾಚಿತ್ರದಂತೆ ಹಿಡಿದಿಟ್ಟು, ಬೇಕಾದಾಗ ಒಪ್ಪಿಸುತ್ತದೆಯಂತೆ. ಕೊನೆಯ ದಿನ 'ನಿಮಿಷಕ್ಕೆ 2,400 ಪದ' ಎಂದು ಬರೆದ ಪ್ರಮಾಣಪತ್ರವನ್ನೂ ಕೊಟ್ಟಿದ್ದಾರೆ.

ಇದರಲ್ಲಿ ಅರ್ಧ ನಿಜ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ನಿರಾಳವಾಗಿ ಕುಳಿತು ಓದುವುದು ಒಳ್ಳೆಯದೇ. ಓದುವಾಗ ಸಾಲಿನ ಆರಂಭದ ಪದಗಳನ್ನು ಸಾಲು ಮುಗಿಯುವವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿರಬೇಕು. ಈ ಹಿಡಿದಿಡುವ ಶಕ್ತಿಯ ಪಾತ್ರೆ ಬಹಳ ಸಣ್ಣದು. 'ಪರೀಕ್ಷೆಯಲ್ಲಿ ಏನಾದೀತೋ' ಎಂಬ ಚಿಂತೆಯೂ ಇದೇ ಪಾತ್ರೆಯಲ್ಲಿ ಕುಳಿತುಕೊಳ್ಳುತ್ತದೆ. ಚಿಂತೆ ತುಂಬಿದಷ್ಟೂ ಓದಿಗೆ ಉಳಿಯುವ ಜಾಗ ಕಡಿಮೆ. ನಾಲ್ಕಾರು ನಿಮಿಷ ಉಸಿರನ್ನು ನಿಧಾನಗೊಳಿಸಿದರೆ ಎದೆಬಡಿತ ಇಳಿಯುತ್ತದೆ, ಆ ಗದ್ದಲ ತುಸು ತಗ್ಗುತ್ತದೆ. ಬೆಳಗಿನ ಪೂಜೆಗೆ ಕುಳಿತು ಎದ್ದವರಿಗೆ ಈ ಸ್ಥಿತಿಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ತರಬೇತಿಯಲ್ಲಿ ಹುಡುಗನಿಗೆ ಹಾಯೆನಿಸಿದ್ದು ಸುಳ್ಳಲ್ಲ. ಆ ಹಾಯೆನಿಸಿದ್ದನ್ನೇ ಅವನು ಓದಿನ ಶಕ್ತಿ ಎಂದು ತಿಳಿದುಕೊಂಡ. ಎಡವಟ್ಟಾದದ್ದು ಅಲ್ಲಿ.

ಇನ್ನು ಕಣ್ಣಿನ ಮಾತಿಗೆ ಬರೋಣ. ಓದುವಾಗ ನಮ್ಮ ದೃಷ್ಟಿ ಸಾಲಿನ ಮೇಲೆ ನೀರಿನಂತೆ ಹರಿಯುತ್ತದೆಂದು ನಮಗೆ ತೋರುತ್ತದೆ. ಅದು ಹಾಗಲ್ಲವೆಂಬುದು 1879ರ ಸುಮಾರಿಗೆ ಪ್ಯಾರಿಸಿನಲ್ಲಿ ನೇತ್ರವೈದ್ಯ ಎಮಿಲ್ ಜವಾಲ್ ಅವರ ಪ್ರಯೋಗಶಾಲೆಯಲ್ಲಿ ಕಂಡುಬಂತು. ಕಣ್ಣು ಕಪ್ಪೆಯಂತೆ ಕುಪ್ಪಳಿಸುತ್ತದೆ. ಒಂದು ಪದದ ಮೇಲೆ ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ನಿಲ್ಲುತ್ತದೆ, ಮುಂದಿನ ಪದಕ್ಕೆ ಹಾರುತ್ತದೆ. ಹಾರುವ ಆ ಕ್ಷಣದಲ್ಲಿ ನಾವು ಓದುವುದಿಲ್ಲ, ಓದುವುದೆಲ್ಲ ನಿಂತಾಗಲೇ. ಸ್ಪಷ್ಟವಾಗಿ ಕಾಣುವ ಜಾಗವೂ ಅತ್ಯಲ್ಪ. ಅಕ್ಷಿಪಟಲದ ನಡುವೆ ಒಂದು ಪುಟ್ಟ ಕುಳಿ ಇದೆ. ಸಣ್ಣ ಅಕ್ಷರವನ್ನು ಬಿಡಿಸಿ ನೋಡುವ ಸಾಮರ್ಥ್ಯ ಇರುವುದು ಅಲ್ಲಿ. ತೋಳನ್ನು ಮುಂದೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದರೆ, ಆ ಹೆಬ್ಬೆರಳಿನ ಉಗುರು ಎಷ್ಟು ಅಗಲ ಕಾಣುತ್ತದೆಯೋ ಸರಿಸುಮಾರು ಅಷ್ಟೇ ಅದರ ಕ್ಷೇತ್ರ. ಅದರಾಚೆಗೆ ಎಲ್ಲವೂ ಮಸುಕು. ಓದುಗರು ಈ ಪುಟದ ನಡುವಣ ಒಂದು ಪದದ ಮೇಲೆ ದೃಷ್ಟಿಯನ್ನು ಕದಲಿಸದೆ ನೆಟ್ಟು, ನಾಲ್ಕು ಸಾಲು ಕೆಳಗಿರುವ ಪದವನ್ನು ಓದಲು ಯತ್ನಿಸಿ ನೋಡಬಹುದು. ಉಸಿರಾಟವಾಗಲಿ ಅಭ್ಯಾಸವಾಗಲಿ ಆ ಕುಳಿಯನ್ನು ಹಿಗ್ಗಿಸಲಾರದು. ಅದು ಹುಟ್ಟಿನೊಂದಿಗೆ ಬಂದ ಕಟ್ಟಡ.

1970ರ ದಶಕದಲ್ಲಿ ಅಮೆರಿಕದಲ್ಲಿ ಮೆಕಾಂಕಿ ಮತ್ತು ಕೀತ್ ರೇನರ್ ಎಂಬ ವಿಜ್ಞಾನಿಗಳು ಇದನ್ನು ಇನ್ನೂ ಸೂಕ್ಷ್ಮವಾಗಿ ಅಳೆದರು. ಇಂಗ್ಲಿಷ್ ಓದುವವರು ಒಂದು ನಿಲುಗಡೆಯಲ್ಲಿ ಎಡಗಡೆ ಮೂರು ನಾಲ್ಕು ಅಕ್ಷರಗಳಿಂದಲೂ ಬಲಗಡೆ ಹದಿನಾಲ್ಕು ಹದಿನೈದು ಅಕ್ಷರಗಳವರೆಗಿನ ಜಾಗದಿಂದಲೂ ಏನಾದರೂ ಸುಳಿವು ಪಡೆಯುತ್ತಾರೆ. ಪದವನ್ನು ಗುರುತಿಸುವುದು ಅದಕ್ಕಿಂತ ಕಿರಿದಾದ ಹರವಿನಲ್ಲಿ. ಬಲದಿಂದ ಎಡಕ್ಕೆ ಬರೆಯುವ ಹೀಬ್ರೂ, ಉರ್ದು ಓದುವವರಲ್ಲಿ ಇದು ತಿರುವುಮುರುವಾಗುತ್ತದೆ. ಆದ್ದರಿಂದ ಇದು ಬರಿಯ ಕಣ್ಣಿನ ಮಿತಿಯಲ್ಲ, ಹಿಂದೆ ಕುಳಿತು ಗಮನಿಸುವ ಮೆದುಳಿನ ಮಿತಿಯೂ ಹೌದು ಎಂದು ತಿಳಿಯುತ್ತದೆ.

ಆ ಮೆದುಳಿನಲ್ಲಿ ಓದಿಗೊಂದು ಮನೆಯಿದೆ ಎಂಬುದು ತಿಳಿದ ಬಗೆ ಮನಕಲಕುವಂಥದು. 1887ರಲ್ಲಿ ಪ್ಯಾರಿಸಿನ ವಿದ್ಯಾವಂತ ವ್ಯಾಪಾರಿಯೊಬ್ಬನಿಗೆ ಇದ್ದಕ್ಕಿದ್ದಂತೆ ಓದುವುದು ತಪ್ಪಿಹೋಯಿತು. ಮಾತು ಚೆನ್ನಾಗಿತ್ತು, ಮನುಷ್ಯರನ್ನೂ ವಸ್ತುಗಳನ್ನೂ ಗುರುತಿಸುತ್ತಿದ್ದ, ಬರೆಯುತ್ತಲೂ ಇದ್ದ. ಆದರೆ ತಾನು ಬರೆದುದನ್ನು ತಾನೇ ಓದಲಾರದವನಾಗಿದ್ದ! ವೈದ್ಯ ಡೆಜರಿನ್ ಅವನನ್ನು ಕೊನೆಯವರೆಗೂ ನೋಡಿಕೊಂಡು, ಅವನು ತೀರಿಕೊಂಡ ಮೇಲೆ 1892ರಲ್ಲಿ ಮೆದುಳನ್ನು ಪರೀಕ್ಷಿಸಿ, ಎಡಭಾಗದ ಹಿಂಬದಿಯಲ್ಲಿ ರಕ್ತಸಂಚಾರ ನಿಂತು ಹಾಳಾದ ಜಾಗವನ್ನು ಗುರುತಿಸಿದರು. ನೂರು ವರ್ಷಗಳಾಚೆಗೆ ಅದೇ ಪ್ಯಾರಿಸಿನಲ್ಲಿ ಸ್ಟಾನಿಸ್ಲಾಸ್ ಡೆಹೇನ್, ಲಾರೆಂಟ್ ಕೊಹೆನ್ ಮತ್ತು ಸಂಗಡಿಗರು, ಬದುಕಿರುವವರ ಮೆದುಳನ್ನೇ ಯಂತ್ರದಿಂದ ನೋಡಿ, ಬರೆದ ಪದಕ್ಕೆ ಸ್ಪಂದಿಸುವ ಒಂದು ನೆಲೆ ಎಡಭಾಗದ ಹಿಂಬದಿಯ ಕೆಳಗಡೆ ಇರುವುದನ್ನು 2000ದಲ್ಲಿ ಪ್ರಕಟಿಸಿದರು. ಹಾಗಿರುವಾಗ ಬಲಭಾಗ ಪುಟವನ್ನು ಚಿತ್ರವಾಗಿ ಹಿಡಿಯುತ್ತದೆಂಬ ಮಾತಿಗೆ ಆಧಾರವೆಲ್ಲಿ?

ಈ ನೆಲೆ ಹುಟ್ಟುವಾಗ ಸಿದ್ಧವಾಗಿ ಬಂದುದಲ್ಲ. ಓದು ಕಲಿತಂತೆ ಅದು ಕಟ್ಟಿಕೊಳ್ಳುತ್ತದೆ, ವಯಸ್ಸಾದ ಮೇಲೂ ಕಟ್ಟಿಕೊಳ್ಳುತ್ತದೆ. ಕೊಲಂಬಿಯಾ ದೇಶದಲ್ಲಿ ಕಾಡು ಬಿಟ್ಟು ಊರಿಗೆ ಮರಳಿದ ಹೋರಾಟಗಾರರಲ್ಲಿ, ದೊಡ್ಡವರಾದ ಮೇಲೆ ಓದು ಕಲಿತವರನ್ನು ಕಲಿಯದವರೊಂದಿಗೆ ಹೋಲಿಸಿದಾಗ, ಮೆದುಳಿನ ಎರಡು ಭಾಗಗಳನ್ನು ಜೋಡಿಸುವ ನರತಂತುಗಳ ಸೇತುವೆಯಲ್ಲಿ ವ್ಯತ್ಯಾಸ ಕಂಡುದನ್ನು 2009ರಲ್ಲಿ ವರದಿ ಮಾಡಲಾಯಿತು. ಉತ್ತರ ಪ್ರದೇಶದ ಹಳ್ಳಿಗಳ ಹಿಂದಿ ಮಾತಾಡುವ ಸಾಕ್ಷರ ನಿರಕ್ಷರರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೂ ಓದು ಬಲ್ಲವರ ಮೆದುಳು ಬರಹಕ್ಕೆ ಹೆಚ್ಚು ಬಲವಾಗಿ ಸ್ಪಂದಿಸುವುದನ್ನು ತೋರಿಸಿತು. ಓದು ಮೆದುಳನ್ನು ಮಾರ್ಪಡಿಸುತ್ತದೆ ಎಂಬ ಜಾಹೀರಾತಿನ ಮಾತು ಸುಳ್ಳಲ್ಲ. ಆ ಮಾರ್ಪಾಡು ಅಕ್ಷರವನ್ನು ಅರ್ಥಕ್ಕೂ ನಾದಕ್ಕೂ ಕೂಡಿಸುವ ದೀರ್ಘ ಅಭ್ಯಾಸದ ಫಲ; ಹನ್ನೆರಡು ದಿನ ಪುಟ ತಿರುವಿದ್ದಕ್ಕೆ ಆಗುವಂಥದಲ್ಲ.

ವೇಗದ ಓದು ಒಂದು ವ್ಯಾಪಾರವಾಗಿ ಬೆಳೆದದ್ದು ಅಮೆರಿಕದಲ್ಲಿ. ಯೂಟಾ ರಾಜ್ಯದ ಶಿಕ್ಷಕಿ ಎವೆಲಿನ್ ವುಡ್ 1959ರಲ್ಲಿ ತಮ್ಮ ಸಂಸ್ಥೆಯನ್ನು ತೆರೆದರು. ಪುಟದ ಮೇಲೆ ಕೈಬೆರಳನ್ನು ಕೆಳಮುಖವಾಗಿ ಓಡಿಸುತ್ತ ಓದುವುದು ಅವರ ಕ್ರಮ. ಅಧ್ಯಕ್ಷ ಕೆನೆಡಿಯವರ ಕಚೇರಿಯ ಸಿಬ್ಬಂದಿಯೂ ಆ ತರಗತಿಗೆ ಸೇರಿದ್ದುಂಟು. ಮುಂದೆ ಅಧ್ಯಕ್ಷ ಕಾರ್ಟರ್ ಅವರೂ ಕಲಿತರು. ಇಷ್ಟು ದೊಡ್ಡವರು ಸೇರಿದ ಮೇಲೆ ಉಳಿದವರು ಸಂಶಯಿಸುವುದು ಹೇಗೆ? ಆದರೆ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಸ್ಟ್ ಮತ್ತು ಕಾರ್ಪೆಂಟರ್ ಸಂಶಯಿಸಿದರು. ಅವರು ತರಬೇತಿ ಪಡೆದ ವೇಗದ ಓದುಗರನ್ನೂ, ತರಬೇತಿಯಿಲ್ಲದೆ ಬರಿದೆ ಮೇಲುಮೇಲೆ ಕಣ್ಣಾಡಿಸುವಂತೆ ಹೇಳಿಸಿಕೊಂಡವರನ್ನೂ, ಸಾಮಾನ್ಯವಾಗಿ ಓದುವವರನ್ನೂ ಕೂರಿಸಿ, ಅವರ ಕಣ್ಣಿನ ಚಲನೆಯನ್ನು ಯಂತ್ರದಿಂದ ಅಳೆದರು. ಸಾಮಾನ್ಯ ಓದುಗರೇ ಹೆಚ್ಚು ತಿಳಿದುಕೊಂಡಿದ್ದರು. ಸುಲಭವಾದ ಬರಹದ ಒಟ್ಟು ಸಾರಾಂಶದಲ್ಲಿ ಮಾತ್ರ ತರಬೇತಾದವರು ಕಣ್ಣಾಡಿಸುವವರಿಗಿಂತ ತುಸು ಮುಂದಿದ್ದರು. ಕಠಿಣ ಬರಹದಲ್ಲಿಯೂ ವಿವರಗಳಲ್ಲಿಯೂ ಆ ಮುನ್ನಡೆ ಇರಲಿಲ್ಲ. ನನಗೆ ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ. ಉತ್ತರವಿದ್ದ ಪದದ ಮೇಲೆ, ಅಥವಾ ಅದರಿಂದ ಮೂರು ಅಕ್ಷರಗಳೊಳಗೆ, ಕಣ್ಣು ಒಮ್ಮೆಯಾದರೂ ನಿಲ್ಲದಿದ್ದರೆ ವೇಗದ ಓದುಗರಿಗೆ ಆ ಪ್ರಶ್ನೆಗೆ ಉತ್ತರ ಬರುತ್ತಿರಲಿಲ್ಲ. ಕಣ್ಣು ಬಿಟ್ಟದ್ದನ್ನು ಮೆದುಳು ಎಲ್ಲಿಂದಲೂ ತರಲಿಲ್ಲ.

ನಮ್ಮ ಹುಡುಗನ ತರಬೇತಿಗೆ ಇದಕ್ಕಿಂತಲೂ ಹತ್ತಿರದ ನಂಟಿರುವುದು 'ಫೋಟೋ ರೀಡಿಂಗ್' ಎಂಬ ಪದ್ಧತಿ. ಪಾಲ್ ಶೀಲಿ ಎಂಬವರು ಪ್ರಚಾರಕ್ಕೆ ತಂದದ್ದು. ಓದುವ ಮುನ್ನ ಮೈಮನಗಳನ್ನು ಸಡಿಲಿಸಿ, ತಲೆಯ ಹಿಂಭಾಗದ ಮೇಲುಗಡೆ ಒಂದು ಕಿತ್ತಳೆ ಹಣ್ಣು ತೇಲುತ್ತಿದೆ ಎಂದು ಕಲ್ಪಿಸಿಕೊಳ್ಳಬೇಕು. ಆಮೇಲೆ ಪುಟಗಳನ್ನು ತಿರುವಬೇಕು. ನಿಮಿಷಕ್ಕೆ 25,000 ಪದಗಳೆಂಬುದು ಅವರ ಘೋಷಣೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಕ್ಕಾಗಿ ಡೇನಿಯಲ್ ಮೆಕ್‌ನಮಾರಾ ಎಂಬ ವಿದುಷಿ ಇದನ್ನು ಪರಿಶೀಲಿಸಿದರು. ಘೋಷಿಸಿದ ವೇಗ ಕಾಣಲಿಲ್ಲ, ತಿಳಿವಳಿಕೆಯೂ ಹೆಚ್ಚಲಿಲ್ಲ. ಎಲ್ಲ ಹಂತಗಳನ್ನೂ ಲೆಕ್ಕ ಹಿಡಿದರೆ ಪರಿಣತರಿಗೂ ಸಾಮಾನ್ಯ ಓದಿಗಿಂತ ಹೆಚ್ಚೇ ಹೊತ್ತು ಬೇಕಾಗಿತ್ತು. ಕಿತ್ತಳೆ ಹಣ್ಣಿನ ಸಂಗತಿ ಹೇಳಿದಾಗ ಹುಡುಗ ಬಂದಂದಿನಿಂದ ಮೊದಲ ಬಾರಿಗೆ ನಕ್ಕ. "ನಮಗ ಹಣ್ಣು ಹೇಳಿದ್ದಿಲ್ಲ ಅಜ್ಜಾರ, ದೀಪ ಹೇಳಿದ್ರು" ಎಂದ.

ಜಪಾನಿನಲ್ಲಿಯೂ ನಿರಾಳತೆಯನ್ನು ವೇಗದ ಓದಿಗೆ ಜೋಡಿಸಿದ ಪದ್ಧತಿಗಳಿವೆ. ಅಲ್ಲಿ ಅಭ್ಯಾಸಿಗಳು ಕಾದಂಬರಿ ಓದುತ್ತಿರುವಾಗಲೇ ಮೆದುಳಿನ ಚಿತ್ರ ತೆಗೆದು 2004ರಲ್ಲಿ ಪ್ರಕಟಿಸಿದರು. ವೇಗ ಹೆಚ್ಚಿದಂತೆ ಮೆದುಳಿನ ಭಾಷಾ ಕೇಂದ್ರಗಳ ಚಟುವಟಿಕೆ ಇಳಿದಿತ್ತು. ಒಳದನಿಯ ಕಟ್ಟಿನಿಂದ ಮೆದುಳು ಬಿಡುಗಡೆ ಹೊಂದಿತೆಂದು ಇದನ್ನು ಕೊಂಡಾಡುವವರಿದ್ದಾರೆ. ಆದರೆ ಭಾಷೆಯ ಕೇಂದ್ರ ಸುಮ್ಮನಾಗಿದೆ ಎಂದರೆ ಅಲ್ಲಿ ಭಾಷೆ ಕಡಿಮೆ ನಡೆದಿದೆ ಎಂದೂ ಅರ್ಥವಾಗಬಹುದಷ್ಟೆ. ಬೀಸುವ ಕಲ್ಲಿನ ಸದ್ದು ಇಳಿದರೆ ಬೀಸುವವಳು ಚುರುಕಾದಳೆಂದು ತಿಳಿಯಬೇಕೋ, ಕಾಳು ಮುಗಿಯಿತೆಂದು ತಿಳಿಯಬೇಕೋ? ಅದೇ ದೇಶದಲ್ಲಿ 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮಧ್ಯಮ ಹಂತದ ಅಭ್ಯಾಸಿಗಳ ವೇಗ ಏರಿತ್ತು, ಗ್ರಹಿಕೆಯ ಅಂಕ ಇಳಿದಿತ್ತು.

ಒಳದನಿ ಕೆಟ್ಟ ಚಾಳಿಯಲ್ಲ. ನುರಿತ ಓದುಗರಲ್ಲಿಯೂ ಅದು ಇರುತ್ತದೆ. ಕಷ್ಟದ ವಾಕ್ಯ ಬಂದಾಗ ಅದೇ ಆಸರೆ. ಹಿಂದಿನ ಸಾಲಿಗೆ ಮರಳುವುದೂ ಹಾಗೆಯೇ. ನುರಿತವರ ಕಣ್ಣೂ ಹತ್ತು ನೆಗೆತಕ್ಕೆ ಒಂದರಂತೆ ಹಿಂದಕ್ಕೆ ಹೋಗುತ್ತದೆ. ಒಮ್ಮೆ ನೋಡಿದ ಪದ ಅಳಿಸಿಹೋಗುವಂತೆ, ಮರಳಿ ನೋಡಲು ಆಸ್ಪದವಿಲ್ಲದಂತೆ ಮಾಡಿ ಓದಿಸಿದಾಗ ಓದುಗರ ಗ್ರಹಿಕೆ ಕುಗ್ಗಿತೆಂಬುದು 2014ರ ಒಂದು ಪ್ರಯೋಗದಿಂದ ತಿಳಿದಿದೆ. ಹೀಗಿರುವಲ್ಲಿ ಹುಡುಗನಿಗೆ ನಿಷೇಧಿಸಿದ ಎರಡೂ ಅಭ್ಯಾಸಗಳು ಅವನಿಗೆ ಬೇಕಾಗಿದ್ದವೇ.

ನಮ್ಮ ನುಡಿಯ ಮಾತು ಬೇರೆಯೇ ಇದೆ. ಇಂಗ್ಲಿಷಿನಲ್ಲಿ ದೊಡ್ಡವರು ಮೌನವಾಗಿ ಓದುವ ವೇಗ ನಿಮಿಷಕ್ಕೆ ಸರಾಸರಿ 238 ಪದಗಳೆಂದು, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಬೆಲ್ಜಿಯಂನ ಮಾರ್ಕ್ ಬ್ರಿಸ್‌ಬರ್ಟ್ 2019ರಲ್ಲಿ ಹೇಳಿದ್ದಾರೆ. ಈ ಲೆಕ್ಕವನ್ನು ಕನ್ನಡಕ್ಕೆ ಹಾಗೆಯೇ ಹಚ್ಚಲಾಗದು. 'ಮನೆಯಲ್ಲಿದ್ದವರಿಗೂ' ಎಂಬುದು ನಮಗೆ ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಆರೇಳು ಪದ ಬೇಕು. ಲಿಪಿಯೂ ಬೇರೆ. ಗುಣಿತ, ಒತ್ತಕ್ಷರಗಳೆಲ್ಲ ಕೂಡಿ ನಮ್ಮ ಮಕ್ಕಳು ಗುರುತಿಸಬೇಕಾದ ರೂಪಗಳು ನೂರಾರು. ಅವುಗಳ ಕಲಿಕೆ ಮೂರು ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆಂದು ಕನ್ನಡ ಶಾಲೆಗಳ ಮಕ್ಕಳನ್ನು ಅಭ್ಯಸಿಸಿದ ಸೋನಾಲಿ ನಾಗ್ 2007ರಲ್ಲಿ ಬರೆದಿದ್ದಾರೆ. ಎಲ್ಲಕ್ಕಿಂತ ದೊಡ್ಡದು, ಕನ್ನಡ ವಾಕ್ಯದ ಜೀವ ಕೊನೆಯಲ್ಲಿದೆ. 'ಈ ರೋಗ ನೀರಿನಿಂದ ಹರಡು' ಎಂಬಲ್ಲಿಯವರೆಗೆ ಓದಿ ಮುಂದೆ ಹಾರಿದರೆ, 'ತ್ತದೆ' ಎಂದಿತ್ತೋ 'ವುದಿಲ್ಲ' ಎಂದಿತ್ತೋ? ಪದದ ಬಾಲ ತಪ್ಪಿದರೆ ಅರ್ಥವೇ ತಲೆಕೆಳಗು.

ಹಾಗೆಂದು ಎಲ್ಲವನ್ನೂ ತೆವಳುತ್ತ ಓದಬೇಕೆಂದೇನಲ್ಲ. ನಮ್ಮ ತಂದೆಯವರು ಹುಬ್ಬಳ್ಳಿಯಲ್ಲಿ ಅರಳೆಯ ದಲಾಲಿ ಅಂಗಡಿ ನಡೆಸಿದವರು. ಬೆಳಿಗ್ಗೆ ಪತ್ರಿಕೆ ಬಂದೊಡನೆ ಪೇಟೆಧಾರಣೆಯ ಪುಟದ ಮೇಲೆ ಎರಡು ನಿಮಿಷ ಕಣ್ಣಾಡಿಸಿ ಮಡಚಿಡುತ್ತಿದ್ದರು. ಆದರೆ ಯಾವ ಊರಿನಲ್ಲಿ ಯಾವ ಜಾತಿಯ ಅರಳೆ ಎಷ್ಟಕ್ಕೆ ಹೋಯಿತೆಂದು ಮಧ್ಯಾಹ್ನ ಕೇಳಿದರೂ ಹೇಳುತ್ತಿದ್ದರು. ಅದು ಕಣ್ಣಿನ ಚಮತ್ಕಾರವಲ್ಲ. ನಲವತ್ತು ವರ್ಷದ ಪೇಟೆಯ ಜ್ಞಾನ ತಲೆಯೊಳಗಿತ್ತು, ಹೊಸದಾಗಿ ಸೇರಬೇಕಾದದ್ದು ನಾಲ್ಕು ಅಂಕೆಗಳು ಮಾತ್ರ. ಅದೇ ಮನುಷ್ಯ ಸಂಜೆ ವಚನಗಳ ಪುಸ್ತಕ ತೆರೆದರೆ ಒಂದು ವಚನಕ್ಕೆ ಅರ್ಧ ಗಂಟೆ ಹಿಡಿಯುತ್ತಿದ್ದರು. ತುಟಿ ಅಲುಗುತ್ತಿತ್ತು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಆ ಮನುಷ್ಯನ ಓದಿನ ವೇಗ ಎಷ್ಟೆಂದು ಯಾರಾದರೂ ಕೇಳಿದ್ದರೆ ನಾನು ಏನು ಹೇಳಬೇಕಿತ್ತೋ ತಿಳಿಯದು. ರೇನರ್ ಮತ್ತು ಸಂಗಡಿಗರು ಬರೆದ ವೇಗದ ಓದಿನ ಸಮಗ್ರ ವಿಮರ್ಶೆ 2016ರಲ್ಲಿ ಪ್ರಕಟವಾಯಿತು. ಅವರು ತಲುಪಿದ ತೀರ್ಮಾನವೂ ಇದರ ಸಮೀಪದ್ದೇ: ಅರ್ಥವನ್ನು ಬಿಟ್ಟುಕೊಡದೆ ವೇಗ ಹೆಚ್ಚಬೇಕಾದರೆ ಪದಸಂಪತ್ತು, ವಿಷಯಜ್ಞಾನ, ಬಹಳ ಓದಿದ ರೂಢಿ ಇವೇ ದಾರಿ.

ಮುಂದಿನ ಭಾನುವಾರ ಹುಡುಗನಿಗೆ ತನ್ನ ಅಭ್ಯಾಸ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ತರಲು ಹೇಳಿದೆ. ತಪ್ಪಾದ ಉತ್ತರಗಳು 52. ಒಂದೊಂದೇ ಪ್ರಶ್ನೆಯನ್ನು ಅವನಿಂದ ಗಟ್ಟಿಯಾಗಿ ಓದಿಸಿದೆ. ಅವುಗಳಲ್ಲಿ ಹದಿನೇಳಕ್ಕೆ ಅವನು ನಾನು ಕೇಳುವ ಮೊದಲೇ ಸರಿಯಾದ ಉತ್ತರ ಹೇಳಿದ. ಕೆಲವದರಲ್ಲಿ 'ಸರಿಯಲ್ಲದ ಹೇಳಿಕೆ ಯಾವುದು' ಎಂದಿದ್ದುದನ್ನು ಸರಿಯಾದದ್ದೆಂದು ಓದಿದ್ದ; ಕೆಲವದರಲ್ಲಿ 'ಇದರ ಹೊರತಾಗಿ' ಎಂಬುದನ್ನು ಹಾರಿದ್ದ. ನೀಟ್ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಹದಿನೇಳು ಪ್ರಶ್ನೆಗೆ ಕಳೆದುಕೊಂಡದ್ದು 85 ಅಂಕ. ಅವನಿಗೆ ಬರುತ್ತಿದ್ದ ಪ್ರಶ್ನೆಗಳಿವು!

ಆಮೇಲೆ ಇಬ್ಬರೂ ಇನ್ನೊಂದು ಲೆಕ್ಕ ಹಾಕಿದೆವು. 2025ರ ಪರೀಕ್ಷೆಯಲ್ಲಿ 180 ನಿಮಿಷಕ್ಕೆ 180 ಪ್ರಶ್ನೆಗಳಿದ್ದವು. ಐವತ್ತು ಪದಗಳ ಒಂದು ಇಂಗ್ಲಿಷ್ ಪ್ರಶ್ನೆಯನ್ನು ಸಾಮಾನ್ಯ ವೇಗದಲ್ಲಿ ಓದಲು ಹದಿಮೂರು ಸೆಕೆಂಡು ಸಾಕು. ವೇಗವನ್ನು ಇಮ್ಮಡಿಗೊಳಿಸಿದರೆ ಉಳಿಯುವುದು ಆರೇಳು ಸೆಕೆಂಡು. ನಿಮಿಷದ ಉಳಿದ ಭಾಗವೆಲ್ಲ ಹೋಗುವುದು ಯೋಚನೆಗೆ. ಹುಡುಗ ಕಾಗದದ ಮೇಲೆ ಆ ಅಂಕೆಗಳನ್ನು ತಾನೇ ಎರಡು ಸಲ ಬರೆದು ನೋಡಿದ. "ಹಂಗಾದ್ರ ನನ್ನ ಮೆದುಳಿಗೆ ಏನೂ ಆಗಿಲ್ಲ?" ಎಂದು ಕೇಳಿದ. ಏನೂ ಆಗಿಲ್ಲ ಎಂದೆ.

ಕೊಟ್ಟ ಹಣ ತಿರುಗಿ ಬರಲಿಲ್ಲ. ತಾಯಿ ಎರಡು ಸಲ ಹೋಗಿ ಕೇಳಿ ಸುಮ್ಮನಾದಳು. ಉಸಿರಾಟದ ಐದು ನಿಮಿಷವನ್ನು ಮಾತ್ರ ಹುಡುಗ ಬಿಟ್ಟಿಲ್ಲ, ಬಿಡಬೇಡವೆಂದು ನಾನೂ ಹೇಳಿದ್ದೇನೆ. ಈಗ ಪ್ರತಿ ಭಾನುವಾರ ಸಂಜೆ ಬರುತ್ತಾನೆ. ಪ್ರಶ್ನೆಯ ಕೆಳಗೆ ಪೆನ್ಸಿಲು ಹಿಡಿದು, ತುಟಿ ಅಲುಗಿಸುತ್ತ, ಕೊನೆಯ ಪದದವರೆಗೂ ಓದುತ್ತಾನೆ. ಹೋದ ವಾರ ತಪ್ಪು ಓದಿದ ಪ್ರಶ್ನೆಗಳು ಮೂರು.